ಲೇತಿಗೆ ಹೂವಿಟ್ಟವರು

ಲೇತು ಅವರದ್ದೇ ಆಗಿದ್ದರೂ ಅವರು ಅದನ್ನು ಮುಟ್ಟುತ್ತಿದ್ದದ್ದು ವರ್ಷಕ್ಕೆ ಒಂದೇ ದಿನ, ಕೈಲ್‌ಪೊಳ್ದ್ ಹಬ್ಬದ ಬೆಳಿಗ್ಗೆ. ಕೊಡವರ ಮನೆಗಳಲ್ಲಿ ಅವತ್ತು ಕೋವಿ, ಕತ್ತಿಗಳನ್ನು ದೀಪದ ಮುಂದೆ ಇಟ್ಟು, ಕೋವಿಯ ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ತೋಕ್ ಪೂ ಅಂದರೆ ಕೋವಿ ಹೂವು. ಮಳೆ ಇಳಿಯುವ ಹೊತ್ತಿಗೆ ಬೇಲಿಗಳಲ್ಲಿ ಕೆಂಪು ಹಳದಿಯಾಗಿ ಉರಿಯುವ ಹಾಗೆ ಅರಳುತ್ತದೆ. ಈ ಅಮ್ಮ ಮನೆಯ ಪೂಜೆ ಮುಗಿಸಿ, ಅಂಥದ್ದೇ ಒಂದು ಹೂವನ್ನು ಕೆಸುವಿನ ಎಲೆಯಲ್ಲಿ ಸುತ್ತಿಕೊಂಡು, ಅಮ್ಮತ್ತಿಯ ರಸ್ತೆ ಬದಿಯಲ್ಲಿದ್ದ ತಮ್ಮ ವರ್ಕ್‌ಶಾಪಿಗೆ ನಡೆದು ಬರುತ್ತಿದ್ದರು. ಕಬ್ಬಿಣ ಕಡೆಯುವ ಆ ಯಂತ್ರದಲ್ಲಿ, ತುಂಡನ್ನು ಹಿಡಿದು ತಿರುಗಿಸುವ ಚಕ್ಕಿನ ನಡುವೆ ಒಂದು ತೂತಿರುತ್ತದೆ. ಹೂವನ್ನು ಅಲ್ಲಿ ಸಿಕ್ಕಿಸಿ, ಲೇತಿನ ಉದ್ದನೆಯ ಕಬ್ಬಿಣದ ತಳವನ್ನು, ಅಂದರೆ ಬೆಡ್ಡನ್ನು, ಒಮ್ಮೆ ಅಂಗೈಯಿಂದ ತಟ್ಟಿ, ಕೈಗೆ ಅಂಟಿದ ಎಣ್ಣೆಯನ್ನು ಒರೆಸಿಕೊಳ್ಳದೆ ಹಾಗೇ ಮನೆಗೆ ಹೋಗುತ್ತಿದ್ದರು.

ಮನೆಯ ಯಜಮಾನರಾಗಿದ್ದ ಅವರ ಗಂಡನ ಅಣ್ಣನಿಗೆ ಇದು ಸರಿ ಬರುತ್ತಿರಲಿಲ್ಲ. ಆಯುಧಕ್ಕೆ ಹೂ ಇಡುವುದು ಗಂಡಸರ ಕೆಲಸ ಎಂದು ಒಮ್ಮೆ ಹೇಳಿಯೂ ಹೇಳಿದರು. ಅಮ್ಮ, ಮನೆಯ ಕೋವಿಗೆ ನೀವೇ ಇಡಿ, ಇದು ನನ್ನ ಕೋವಿ, ಅಂದರಂತೆ. ಆ ಮಾತು ಅಲ್ಲಿಗೆ ನಿಂತಿತು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಒಕ್ಕದವರು, ಅಂದರೆ ಅವರ ಮನೆತನದವರು, ಇದ್ದಾರೆ, ಹೆಂಗಸರ ಹೆಸರು ಅಚ್ಚಿನಲ್ಲಿ ಬರುವುದು ಅವರಿಗೆ ಇಷ್ಟವಾಗಲಿಕ್ಕಿಲ್ಲ. ಸುತ್ತಲಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರುಗಳಿಂದ ಹಿಡಿದು ಕೂಲಿ ಲೈನಿನ ಮನೆಗಳಲ್ಲಿದ್ದ ಆಳುಗಳವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಲೇತಿನಮ್ಮ ಎಂದೇ. ಎದುರಿಗೆ ಮಾತ್ರ ಬರೀ ಅಮ್ಮ.

ನಾನು ಅವರಲ್ಲಿಗೆ ಹೋದದ್ದು ಬಿ.ಎ. ಆದ ಮೇಲೆ. ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ, ಯಾಕೆಂದರೆ ಭಾಗಮಂಡಲದ ಕಡೆಯ ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಪ್ಪ ಹೊಳೆ ಬದಿಯ ಗದ್ದೆ ಮಾರಿ ನನ್ನನ್ನು ಮಡಿಕೇರಿಯಲ್ಲಿ, ಆಮೇಲೆ ಮಂಗಳೂರಿನಲ್ಲಿ ಓದಿಸಿದರು. ಮಂಗಳೂರಿನಲ್ಲಿ ನಾನು ಒಬ್ಬರ ಮನೆಯಲ್ಲಿ ಊಟ, ಇನ್ನೊಬ್ಬರ ಮನೆಯಲ್ಲಿ ನಿದ್ದೆ ಮಾಡಿಕೊಂಡು ಓದಿದವನು. ಡಿಗ್ರಿ ಹಿಡಿದುಕೊಂಡು ಬಂದರೆ ಮಡಿಕೇರಿಯ ಕಚೇರಿಗಳಲ್ಲಿ ಜಾಗ ಇರಲಿಲ್ಲ. ಆಗ ಕೊಡಗು ಚೀಫ್ ಕಮಿಷನರರ ಕೈಯಲ್ಲಿತ್ತು. ಒಂದು ಗುಮಾಸ್ತಿಕೆ ಸಿಗಬೇಕಾದರೂ ಯಾರದ್ದಾದರೂ ಶಿಫಾರಸು ಬೇಕು. ನನಗೆ ಶಿಫಾರಸು ಮಾಡುವವರು ಯಾರು? ಅಮ್ಮತ್ತಿಯ ಒಂದು ವರ್ಕ್‌ಶಾಪಿನಲ್ಲಿ ಕಾಫಿ ತೋಟದ ಬಿಳಿ ದೊರೆಗಳ ಕಾಗದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವವರು ಬೇಕಂತೆ ಎಂದು ಕೇಳಿ ಹೋದೆ.

ಅವರು ಒಂದು ಎತ್ತರದ ಸ್ಟೂಲಿನ ಮೇಲೆ, ಹಿಂದಕ್ಕೆ ನೆರಿಗೆ ಬಿಟ್ಟ ಸೀರೆಯುಟ್ಟು, ತಲೆಗೆ ವಸ್ತ್ರ ಕಟ್ಟಿಕೊಂಡು ಕೂತಿದ್ದರು. ಬಾಯಿ ತುಂಬ ಎಲೆಯಡಿಕೆ. ಹಿಂದೆ ಎಣ್ಣೆ ಎಂಜಿನ್ನು, ತಲೆಯ ಮೇಲೆ ಉದ್ದಕ್ಕೂ ತಿರುಗುವ ಶಾಫ್ಟು, ಅದರಿಂದ ಲೇತಿಗೆ ಇಳಿದ ಚರ್ಮದ ಬೆಲ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು. ನಾನು ಏನು ಹೇಳಿದೆನೋ ಅವರಿಗೆ ಕೇಳಿಸಲಿಲ್ಲ. ಕೊನೆಗೆ ಕೂಗಿ ಹೇಳಿದೆ, ಬಿ.ಎ. ಎಂದು.

"ಬಿಯ್ಯೆಯಾ? ಹಾಗಾದ್ರೆ ಕೂತ್ಕೊ," ಅಂದರು. ಅವತ್ತಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. ಬಿಯ್ಯೆ ಬಾ, ಬಿಯ್ಯೆ ಉಂಡೆಯಾ, ಬಿಯ್ಯೆ ಆ ದೊರೆಗೆ ಬರಿ. ನಾನು ಬರೆದ ಪ್ರತಿ ಕಾಗದದ ಕೆಳಗೆ ನನ್ನ ಹೆಸರಿನ ಮುಂದೆ ಬಿ.ಎ. ಎಂದು ಇರಲೇಬೇಕು. ನಾಚಿಕೆಯಿಂದ ಒಮ್ಮೆ ಬಿಟ್ಟೆ. ಅವರಿಗೆ ಓದಲು ಬಾರದಿದ್ದರೂ ಆ ಎರಡು ಅಕ್ಷರದ ಆಕಾರ ಗೊತ್ತಾಗಿತ್ತು. ಕಾಗದವನ್ನು ವಾಪಸು ಕೊಟ್ಟು, "ನಿನ್ನಪ್ಪ ಗದ್ದೆ ಮಾರಿದ್ದು ಇದಕ್ಕಲ್ವಾ, ಬರಿ," ಅಂದರು. ಆಮೇಲೆ ನಾನು ನಾಚಿಕೊಳ್ಳಲಿಲ್ಲ. ಈಗಲೂ ಬರೆಯುತ್ತೇನೆ.

ಅಮ್ಮನ ಗಂಡ ಮೊದಲನೆಯ ಯುದ್ಧದಲ್ಲಿ ಮೆಸೊಪೊಟೇಮಿಯಕ್ಕೆ ಹೋಗಿ, ಅಲ್ಲಿ ಸೈನ್ಯದ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು ಬಂದವರು. ತೋಟ ಮಾರಿ ಹೊರಟಿದ್ದ ಒಬ್ಬ ದೊರೆಯಿಂದ ಈ ಲೇತನ್ನು ಕೊಂಡು, ಒಕ್ಕದ ಜಾಗದಲ್ಲಿ ಶೆಡ್ಡು ಹಾಕಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರುಗಳ ರಿಪೇರಿ ಶುರುಮಾಡಿದರು. ಕೆಲವೇ ವರ್ಷ. ಜ್ವರದಲ್ಲಿ ಹೋಗಿಬಿಟ್ಟರು. ಹೆಂಗಸು ಮಿಷನ್ ನಡೆಸುವುದುಂಟಾ ಎಂದು ಜನ ಕೇಳಿದಾಗ ಅಮ್ಮ, ಮಿಷನ್ ನಡೆಸುವುದಕ್ಕೆ ಮೇಸ್ತ್ರಿ ಇದ್ದಾರೆ, ಮೇಸ್ತ್ರಿಯನ್ನು ನಡೆಸುವುದಕ್ಕೆ ನಾನಿದ್ದೇನೆ ಅಂದರಂತೆ.

ಆ ಮೇಸ್ತ್ರಿ ತಲಶ್ಶೇರಿ ಕಡೆಯ ಮಲಯಾಳಿ. ತೆಳ್ಳಗೆ, ಸಿಡುಕು ಮೋರೆ, ಮಾತಿಗೆ ಮಾತು ಬಿಡದವರು. ಅಮ್ಮ ಮಿಷನ್ನಿನ ಸದ್ದು ಕೇಳಿ, ಇವತ್ತು ಕೆಮ್ಮುತ್ತಾ ಉಂಟು, ನೋಡಿ ಅನ್ನುವರು. ಮೇಸ್ತ್ರಿ ನೋಡುವ ಮೊದಲೇ, ಕೆಮ್ಮುವುದು ನಾನು ಅಮ್ಮ, ಅದಲ್ಲ, ಅನ್ನುವರು. ಅರ್ಧ ಸಲ ಅಮ್ಮ ಹೇಳಿದ್ದು ಸುಳ್ಳಾಗುತ್ತಿತ್ತು. ಆದರೂ ಹೇಳುವುದನ್ನು ಬಿಡಲಿಲ್ಲ. ಸಂಜೆ ಬೆಲ್ಟು ಕಳಚಿದ ಮೇಲೆ ಇಬ್ಬರೂ ಬೆಲ್ಲದ ಕಾಫಿ ಕುಡಿಯುತ್ತಾ ದಿನದ ಜಗಳವನ್ನು ಮತ್ತೊಮ್ಮೆ ಮೊದಲಿನಿಂದ ಆಡುತ್ತಿದ್ದರು. ಅದನ್ನು ಕೇಳಲಿಕ್ಕೆ ಎದುರಿನ ಅಂಗಡಿಯವನು ಬಂದು ಬಾಗಿಲಲ್ಲಿ ಕೂರುತ್ತಿದ್ದ.

ಕಾಫಿ ಕೊಯ್ಯುವ ಪಿಕ್ಕಿಂಗ್ ಸಮಯದಲ್ಲಿ ಆ ಶೆಡ್ಡಿನ ಮುಂದೆ ಗಾಡಿಗಳು ನಿಲ್ಲುವುದಕ್ಕೆ ಜಾಗ ಇರುತ್ತಿರಲಿಲ್ಲ. ಕೊಯ್ದ ಹಣ್ಣು ರಾಶಿ ಬಿದ್ದಿರುವಾಗ ಪಲ್ಪರಿನ ಶಾಫ್ಟು ಮುರಿದರೆ ಹಣ್ಣು ಹುಳಿ ಬರುತ್ತದೆ, ಕಾಫಿ ಕೆಡುತ್ತದೆ. ಒಂದು ಸಲ ದೊಡ್ಡ ತೋಟದ ದೊರೆಯೊಬ್ಬರು ತಮ್ಮ ಶಾಫ್ಟು ಕಳಿಸಿ ಅದೇ ಮೊದಲು ಆಗಬೇಕೆಂದು ಹೇಳಿದರು. ಅಮ್ಮ ಅದನ್ನು ಒಬ್ಬ ಸಣ್ಣ ತೋಟದವನ ಶಾಫ್ಟಿನ ಹಿಂದಕ್ಕೆ ಇಡಿಸಿದರು. ಮಧ್ಯಾಹ್ನ ದೊರೆ ತಾವೇ ಕಾರಿನಲ್ಲಿ ಬಂದು ಇಳಿದರು. ಅಮ್ಮ ಸ್ಟೂಲಿನಿಂದ ಏಳಲಿಲ್ಲ. ದೊರೆಗೂ ಒಂದು ಸ್ಟೂಲು ಹಾಕಿಸಿ, ಬೆಲ್ಲದ ಕಾಫಿ ಕೊಡಿಸಿ, ನನ್ನ ಕಡೆ ನೋಡಿದರು.

"ಬಿಯ್ಯೆ, ಹೇಳು ಅವರಿಗೆ. ಕೊಯ್ದಿಟ್ಟ ಹಣ್ಣಿಗೆ ದೊರೆ ಯಾರು, ಬಡವ ಯಾರು ಅಂತ ಗೊತ್ತಾಗ್ತದಾ? ಆ ಹುಡುಗನ ಹಣ್ಣು ನಿನ್ನೆಯದ್ದು, ಇವರದ್ದು ಇವತ್ತಿನದ್ದು."

ನಾನು ಇಂಗ್ಲಿಷಿನಲ್ಲಿ, ತಮ್ಮ ಕೆಲಸ ನಾಲ್ಕು ಗಂಟೆಯೊಳಗೆ ಆಗುತ್ತದೆ ಎಂದು ಅಮ್ಮ ಹೇಳುತ್ತಿದ್ದಾರೆ ಅಂದೆ. ದೊರೆ ಕಾಫಿ ಕುಡಿದು ಕಾದರು. ಅವರು ಹೋದ ಮೇಲೆ ಅಮ್ಮ ನನ್ನನ್ನು ನೋಡಿ ನಕ್ಕು, ನಾನು ಅಷ್ಟು ಉದ್ದ ಹೇಳಿದ್ದು ಇಂಗ್ಲಿಷಿನಲ್ಲಿ ಇಷ್ಟೇನಾ ಅಂದರು.

ಎರಡನೆಯ ಯುದ್ಧ ಶುರುವಾದ ಮೇಲೆ ಎಲ್ಲ ಬದಲಾಯಿತು. ಒಂದು ದಿನ ಎಂಜಿನ್ನಿನ ಸಿಲಿಂಡರು ಬಿರುಕು ಬಿಟ್ಟಿತು. ಅದರ ಭಾಗ ವಿಲಾಯಿತಿಯಿಂದ ಬರಬೇಕು. ಹಡಗು ಸಿಪಾಯಿಗಳನ್ನು ಸಾಗಿಸುವುದೋ, ನಮ್ಮ ಸಿಲಿಂಡರನ್ನೋ? ನಾನು ಬರೆದ ಕಾಗದಗಳಿಗೆ ಉತ್ತರವೇ ಬರಲಿಲ್ಲ. ಮೇಸ್ತ್ರಿ ಒಂದು ದೊಡ್ಡ ಮರದ ಚಕ್ರ ಕಟ್ಟಿ, ಇಬ್ಬರು ಆಳುಗಳಿಂದ ತಿರುಗಿಸಿ ಲೇತು ನಡೆಸಿ ನೋಡಿದರು. ಸಣ್ಣ ಕೆಲಸ ಆಗುತ್ತಿತ್ತು, ಪಲ್ಪರಿನ ಶಾಫ್ಟು ಆಗುತ್ತಿರಲಿಲ್ಲ. ದೊಡ್ಡ ತೋಟದವರು ಬೇರೆ ದಾರಿ ನೋಡಿಕೊಂಡರು. ಶೆಡ್ಡಿನ ಮುಂದೆ ಹುಲ್ಲು ಬೆಳೆಯಿತು.

ಒಕ್ಕದ ಯಜಮಾನರು, ಅಂದರೆ ಅಮ್ಮನ ಗಂಡನ ಅಣ್ಣ, ಒಳ್ಳೆಯವರೇ. ಈ ಜಾಗದಲ್ಲಿ ಕಾಫಿ ಗೋಡೌನು ಕಟ್ಟಿಸಬೇಕು, ಕೊಯ್ಲಿಗೆ ಮೊದಲು ಶೆಡ್ಡು ಖಾಲಿ ಮಾಡಿಕೊಡು ಎಂದು ಮೆಲ್ಲಗೆ ಹೇಳಿದರು. ಒಬ್ಬ ಗುಜರಿ ವ್ಯಾಪಾರಿಯನ್ನೂ ಅವರೇ ಕಳಿಸಿದರು. ಯುದ್ಧದಿಂದ ಕಬ್ಬಿಣಕ್ಕೆ ಎಲ್ಲಿಲ್ಲದ ಗಿರಾಕಿ. ಅವನು ಎಂಜಿನ್ನು, ಲೇತು, ಶಾಫ್ಟು ಎಲ್ಲವನ್ನೂ ತೂಕಕ್ಕೆ ತೆಗೆದುಕೊಂಡು ಒಂದೇ ಸಲ ಸಾಗಿಸುತ್ತೇನೆಂದ.

ಅದೇ ವಾರ ಮೇಸ್ತ್ರಿ ಅಮ್ಮನ ಹತ್ತಿರ ಬಂದರು. ವಿರಾಜಪೇಟೆಯಲ್ಲಿ ಒಬ್ಬರು ಚಿಕ್ಕ ಕೊಟ್ಟಿಗೆ ಬಾಡಿಗೆಗೆ ಕೊಡುತ್ತಾರೆ, ಲೇತು ಒಂದನ್ನು ತನಗೆ ಕೊಟ್ಟರೆ ಮೆಲ್ಲ ಮೆಲ್ಲ ಹಣ ತೀರಿಸುತ್ತೇನೆ, ಇಲ್ಲದಿದ್ದರೆ ಊರಿಗೆ ಹೋಗಿ ತಮ್ಮನ ಮನೆಯ ಜಗುಲಿಯಲ್ಲಿ ಕೂರಬೇಕು ಅಂದರು. ಆ ವಯಸ್ಸಿನಲ್ಲಿ ಅವರನ್ನು ಬೇರೆ ಯಾರೂ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ; ಅದು ನಮ್ಮೆಲ್ಲರಿಗೂ ಗೊತ್ತಿತ್ತು.

ಅಮ್ಮ ನನ್ನನ್ನು ಕೇಳಿದರು. ಕೊಡಬಾರದು ಎಂದೆ. ಎಂಜಿನ್ನಿಲ್ಲದ ಲೇತನ್ನು ಬಾಡಿಗೆಯ ಕೊಟ್ಟಿಗೆಯಲ್ಲಿಟ್ಟು ಈ ಮನುಷ್ಯ ಏನು ಮಾಡುತ್ತಾರೆ? ಒಂದು ಮಳೆಗಾಲ ಕೆಲಸ ಸಿಗದಿದ್ದರೆ ಲೇತಿಗೆ ತುಕ್ಕು, ಅವರ ತಲೆ ಮೇಲೆ ಸಾಲ. ಒಡೆದು ಮಾರಿದರೆ ಆಕಡೆಯೂ ಮುಗಿಯಿತು, ಈಕಡೆಯೂ ಮುಗಿಯಿತು. ನಾನು ಹೇಳಿದ್ದು ತಪ್ಪೆಂದು ಇವತ್ತಿಗೂ ನನಗೆ ಅನಿಸುವುದಿಲ್ಲ. ಲೆಕ್ಕ ಹಾಗೇ ಇತ್ತು.

ಅಮ್ಮ ಆದರೂ ಕೊಡುತ್ತಿದ್ದರೋ ಏನೋ. ಆದರೆ ಮೇಸ್ತ್ರಿಯ ಬಾಯಿ ಸುಮ್ಮನಿರಲಿಲ್ಲ. ಇಷ್ಟು ವರ್ಷ ಈ ಲೇತು ಬದುಕಿದ್ದು ತನ್ನ ಕೈಯಿಂದ, ಕೇಳುವ ಹಕ್ಕು ತನಗಿದೆ ಅಂದುಬಿಟ್ಟರು. ಅಮ್ಮನ ಎಲೆಯಡಿಕೆ ಅಗಿಯುವುದು ನಿಂತಿತು.

"ತಿರುಗಿಸಿದ್ದು ನೀವು. ಲೇತ್ ನಂದು. ನನ್ನ ಲೇತ್ ನಾನು ಒಡೆಸ್ತೇನೆ."

"ಶೆರಿ ಅಮ್ಮ," ಅಂದರು ಮೇಸ್ತ್ರಿ. ಗೂಟದಲ್ಲಿದ್ದ ಅಂಗಿ ತೆಗೆದು ಹಾಕಿಕೊಂಡು ಹೊರಟೇಹೋದರು. ಅವತ್ತೇ ಅಮ್ಮ ವ್ಯಾಪಾರಿಗೆ ಮಾತು ಕೊಟ್ಟರು. ಹಬ್ಬ ಕಳೆದ ಮೇಲೆ ಬಾ ಅಂದರು, ಅಷ್ಟೆ.

ಹಬ್ಬದ ಬೆಳಿಗ್ಗೆ ನಾನು ಶೆಡ್ಡಿಗೆ ಹೋದಾಗ ಮೇಸ್ತ್ರಿ ಒಳಗಿದ್ದರು. ಪೇಟೆಯಲ್ಲಿ ಯಾರದ್ದೋ ಜಗುಲಿಯಲ್ಲಿ ಮಲಗುತ್ತಿದ್ದವರು, ಪ್ರತಿ ವರ್ಷದ ಹಾಗೆ ಅವತ್ತೂ ಬಂದು ಲೇತನ್ನು ಹರಕು ಬಟ್ಟೆಯಿಂದ ಒರೆಸಿ, ಬೆಡ್ಡಿಗೆ ಎಣ್ಣೆ ಹಚ್ಚುತ್ತಿದ್ದರು. ಸ್ವಲ್ಪ ಹೊತ್ತಿಗೆ ಅಮ್ಮ ಕೆಸುವಿನ ಎಲೆ ಹಿಡಿದುಕೊಂಡು ಬಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನಿಂತರು.

"ಒಡೆಯಲಿಕ್ಕೆ ಕೊಟ್ಟ ಮಿಷನ್ನಿಗೆ ಎಣ್ಣೆ ಎಂಥದ್ದಕ್ಕೆ?" ಅಂದರು ಅಮ್ಮ.

"ಅಮ್ಮ ಹೂ ಎಂಥದ್ದಕ್ಕೆ ತಂದದ್ದು?"

ಅಮ್ಮ ಹೂ ಇಟ್ಟರು, ಬೆಡ್ಡನ್ನು ತಟ್ಟಿದರು, ಎಣ್ಣೆಗೈಯಲ್ಲೇ ಹೋದರು. ಮೇಸ್ತ್ರಿ ಎಣ್ಣೆ ಡಬ್ಬಿಯ ಮುಚ್ಚಳ ಹಾಕಿ ಅದರ ಜಾಗದಲ್ಲಿಟ್ಟು ಹೋದರು.

ಮೂರನೆಯ ದಿನ ವ್ಯಾಪಾರಿ ಎತ್ತಿನ ಗಾಡಿಗಳ ಜೊತೆ ಬಂದ. ಅವನ ಆಳುಗಳ ಹೆಗಲ ಮೇಲೆ ದೊಡ್ಡ ಸುತ್ತಿಗೆಗಳು. ಒಡೆಸ್ತೇನೆ ಎಂದು ಅಮ್ಮ ಬಾಯಲ್ಲಿ ಅಂದಿದ್ದರೇ ಹೊರತು, ಇಲ್ಲೇ, ತಮ್ಮ ಕಣ್ಣೆದುರಿಗೇ ಒಡೆಯುತ್ತಾರೆ ಎಂದು ಅಂದುಕೊಂಡಿರಲಿಲ್ಲ. ಗಾಡಿಯಲ್ಲಿ ಕೊಂಡುಹೋಗಿ ಮಂಗಳೂರಿನಲ್ಲಿ ಎಲ್ಲೋ ಏನೋ ಮಾಡುತ್ತಾರೆ ಎಂದಿದ್ದರು. ಇಷ್ಟು ಭಾರ ಇಡಿಯಾಗಿ ಯಾರು ಎತ್ತುತ್ತಾರೆ ತಾಯಿ, ಇದು ಬೀಡು ಕಬ್ಬಿಣ, ಸುತ್ತಿಗೆ ಬಿದ್ದರೆ ಗಾಜಿನ ಹಾಗೆ ಒಡೆಯುತ್ತದೆ ಎಂದು ವ್ಯಾಪಾರಿ ಸಮಾಧಾನ ಹೇಳಿದ.

ಮೊದಲು ಎಂಜಿನ್ನು. ಅದರ ಚಕ್ರ ಒಡೆಯುವಾಗ ಬಂದ ಸದ್ದು ಪೇಟೆಗೆಲ್ಲ ಕೇಳಿಸಿತಂತೆ. ಅಮ್ಮ ಸ್ಟೂಲಿನ ಮೇಲೆ ಕೂತು ಕೊನೆಯ ತುಂಡಿನವರೆಗೂ ನೋಡಿದರು. ಒಳಗೆ ಹೋಗಿ ಅಮ್ಮ ಎಂದು ನಾನು ಎರಡು ಸಲ ಹೇಳಿದೆ. ಏಳಲಿಲ್ಲ. ಆಮೇಲೆ ಆಳು ಲೇತಿನ ಹತ್ತಿರ ಹೋಗಿ ಕಾಲು ಅಗಲಿಸಿ ನಿಂತು ಸುತ್ತಿಗೆ ಎತ್ತಿದ.

"ತಡಿ. ಹೂ ಉಂಟು," ಅಂದರು ಅಮ್ಮ.

ಹೂ ಬಾಡಿತ್ತು, ಆದರೆ ಕೆಂಪು ಪೂರ್ತಿ ಹೋಗಿರಲಿಲ್ಲ. ಅಮ್ಮ ಎದ್ದು ಹೋಗಿ ಲೇತಿನ ಮುಂದೆ ನಿಂತರು. ಕೈ ಮುಂದೆ ಚಾಚಿದರು. ನಾನು ತೆಗೆಯುತ್ತಾರೆ ಎಂದುಕೊಂಡೆ. ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡರು.

ಅವರ ಮನೆಯಲ್ಲಿ ಒಂದು ಕ್ರಮ ಇತ್ತು. ಕೋವಿಗೆ ಇಟ್ಟ ತೋಕ್ ಪೂವನ್ನು ಸುಮ್ಮಸುಮ್ಮನೆ ತೆಗೆಯುವುದಿಲ್ಲ. ಹಬ್ಬದ ಊಟವಾದ ಮೇಲೆ ಗಂಡಸರು ತೆಂಗಿನಕಾಯಿಗೆ ಗುರಿಯಿಡುವಾಗ, ಅಥವಾ ಬೇಟೆಗೆ ಹೊರಡುವಾಗ, ಕೋವಿ ಹಿಡಿಯುವವನೇ ತೆಗೆಯಬೇಕು. ಲೇತಿನ ಹೂವನ್ನೂ ಹಬ್ಬದ ಮರುದಿನ ಬೆಲ್ಟು ಹಾಕುವ ಮೊದಲು ಮೇಸ್ತ್ರಿಯೇ ತೆಗೆಯುತ್ತಿದ್ದರು. ಇಷ್ಟು ವರ್ಷದಲ್ಲಿ ಅಮ್ಮ ಹೂ ಇಟ್ಟಿದ್ದರೇ ಹೊರತು ಒಂದು ಸಲವೂ ತೆಗೆದವರಲ್ಲ.

"ಹೂ ತೆಗೆಯೋದು ಕೆಲಸಕ್ಕೆ ಹಚ್ಚುವಾಗ," ಅಂದರು, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದ ಹಾಗೆ. "ಒಡೆಯಲಿಕ್ಕೆ ತೆಗೆಯೋದುಂಟಾ?" ಆಮೇಲೆ ನನ್ನ ಕಡೆ ತಿರುಗಿದರು. "ಬಿಯ್ಯೆ, ಮೇಸ್ತ್ರಿ ಪೇಟೆಯಲ್ಲೇ ಇದ್ದಾರೆ, ಅಲ್ವಾ? ಹೂ ತೆಗೀಲಿಕ್ಕೆ ಬರ್ಬೇಕಂತೆ ಅಂತ ಹೇಳು. ಅಷ್ಟೇ ಹೇಳು."

ನಾನು ಹೋಗಿ ಅಷ್ಟೇ ಹೇಳಿದೆ. ಮೇಸ್ತ್ರಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ನನಗಿಂತ ಮುಂದೆ ನಡೆದರು. ಶೆಡ್ಡಿಗೆ ಬಂದವರು ಒಡೆದು ಬಿದ್ದಿದ್ದ ಎಂಜಿನ್ನನ್ನು ನೋಡಿದರು, ಸುತ್ತಿಗೆ ಊರಿ ನಿಂತಿದ್ದ ಆಳನ್ನು ನೋಡಿದರು. ಹೂವಿಗೆ ಕೈಹಾಕುವ ಮೊದಲು ಕೇಳಿದರು.

"ಯಾವ ಕೆಲಸಕ್ಕೆ ಅಮ್ಮ?"

"ಅದು ನಿಮಗೆ ಬಿಟ್ಟದ್ದು. ಗಾಡಿ ಬೇಕಾದ್ರೆ ಇವನದ್ದೇ ಉಂಟು, ಖಾಲಿ ನಿಂತಿದೆ."

ವ್ಯಾಪಾರಿ ಬಿಡುತ್ತಾನೆಯೇ? ಮಾತು ಅಂದರೆ ಮಾತು ಎಂದು ಕೂಗಾಡಿದ. ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ಅಮ್ಮನೂ ಅದನ್ನು ಒಪ್ಪಿದರು. ಶೆಡ್ಡಿನ ಹಿಂದೆ ಹಳೆಯ ಪಲ್ಪರುಗಳಿಂದ ಕಳಚಿದ ತಾಮ್ರದ ತಗಡುಗಳು ವರ್ಷಾನುಗಟ್ಟಲೆಯಿಂದ ರಾಶಿ ಬಿದ್ದಿದ್ದವು. ತಮ್ಮ ಕೊನೆಗಾಲಕ್ಕೆ ಇರಲಿ ಎಂದು ಅವರು ಇಟ್ಟುಕೊಂಡಿದ್ದದ್ದು. ಲೇತಿನ ಕಬ್ಬಿಣದ ಬದಲಿಗೆ ಅದನ್ನು ಕೊಂಡುಹೋಗು ಅಂದರು. ವ್ಯಾಪಾರಿಯ ಕೂಗು ನಿಂತಿತು. ಲೇತು ಎತ್ತಿಸಲು ತನ್ನ ಆಳುಗಳನ್ನು ಅವನೇ ಕೊಟ್ಟ.

ಗಾಡಿ ಹೊರಡುವಾಗ ಅಮ್ಮ ಒಂದು ಷರತ್ತು ಹಾಕಿದರು. ಲೇತು ಎಲ್ಲಿದ್ದರೂ ಕೈಲ್‌ಪೊಳ್ದ್ ದಿನ ತಿರುಗಬಾರದು. ಅವತ್ತು ಹೂ ಇಡುವುದಕ್ಕೆ ನಾನು ಬರುತ್ತೇನೆ ಅಂದರು. ಹಣದ ಮಾತು ಇಬ್ಬರೂ ಎತ್ತಲಿಲ್ಲ. ನಾನು ಎತ್ತಲು ಹೋದೆ, ಅಮ್ಮ ಕೈ ಅಡ್ಡ ಹಿಡಿದರು.

ನನಗೆ ಆಮೇಲೆ ಮಡಿಕೇರಿಯಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಈ ಅಮ್ಮನನ್ನು ಬಿಟ್ಟು ಹೋಗುವುದಾ ಎಂದು ಅಪ್ಪನನ್ನು ಕೇಳಿದ್ದೆ. ಅಪ್ಪ ನಮ್ಮ ಅರೆಭಾಷೆಯಲ್ಲಿ, ಅವರ ಮಿಷನ್ ಹೋತು, ನಿನ್ನ ಬಿಯ್ಯೆ ಉಟ್ಟಲ್ಲ ಮಗ, ಹೋಗ್ ಅಂದರು; ನಿನ್ನ ಬಿ.ಎ. ಉಂಟಲ್ಲ ಎಂದು. ಅಮ್ಮನೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಹಬ್ಬದ ದಿನ ಮಾತ್ರ ನಾನು ತಪ್ಪದೆ ವಿರಾಜಪೇಟೆಗೆ ಹೋಗುತ್ತಿದ್ದೆ.

ಯುದ್ಧ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಹಿಂದೆ ಒಂದು ಒಲೆ ಕಟ್ಟಿಕೊಂಡು, ಏರು ಬಂದಲ್ಲಿ ಜನರನ್ನು ಇಳಿಸಿ, ಏದುಸಿರು ಬಿಡುತ್ತಾ ಹೋಗುವುವು. ಆ ಬಸ್ಸಿನಲ್ಲಿ ಅಮ್ಮ ಕೆಸುವಿನ ಎಲೆಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಏರಿನಲ್ಲಿ ಕಂಡಕ್ಟರ್ ಎಲ್ಲರನ್ನೂ ಇಳಿಸಿದರೂ ಅವರು ಇಳಿಯುತ್ತಿರಲಿಲ್ಲ. ಈ ಬಸ್ಸಿನ ಅರ್ಧ ಭಾಗ ನನ್ನ ಲೇತಿನಲ್ಲಿ ಆದದ್ದು, ನಾನ್ಯಾಕೆ ಇಳೀಬೇಕು ಅನ್ನುವರು. ಅದು ನಿಜವೂ ಹೌದು. ಮರದ ಚಕ್ರದಲ್ಲೇ ಲೇತು ತಿರುಗಿಸಿ ಮಾಡುವ ಆ ಗ್ಯಾಸಿನ ಒಲೆಗಳ ರಿಪೇರಿಯಿಂದಲೇ ಮೇಸ್ತ್ರಿಯ ಕೊಟ್ಟಿಗೆ ನಡೆಯುತ್ತಿತ್ತು. ಒಂದು ಮಳೆಗಾಲ ಪೂರ್ತಿ ಕೆಲಸವಿಲ್ಲದೆ ಅವರು ಗಂಜಿಯಲ್ಲಿ ದಿನ ಕಳೆದದ್ದೂ ಉಂಟು. ನನ್ನ ಲೆಕ್ಕ ಅಷ್ಟರಮಟ್ಟಿಗೆ ಸರಿಯಾಗಿತ್ತು. ಅಮ್ಮ ಬಂದು ಹೂ ಇಟ್ಟು, ಬೆಡ್ಡು ತಟ್ಟಿ, ಏನು ಮೇಸ್ತ್ರಿ, ನನ್ನ ಲೇತ್ ಬಡವಾಗಿದೆ ಅನ್ನುವರು. ಲೇತು ಚೆನ್ನಾಗುಂಟು, ಬಡವಾದದ್ದು ನಾನು ಎಂದು ಮೇಸ್ತ್ರಿ. ಆಮೇಲೆ ಬೆಲ್ಲದ ಕಾಫಿ. ಜಗಳ ಮೊದಲಿನಿಂದ.

ಅಮ್ಮ ತೀರಿಕೊಂಡದ್ದು ಒಂದು ಆಟಿ ತಿಂಗಳ, ಅಂದರೆ ಆಷಾಢದ, ಮಳೆಯಲ್ಲಿ. ಮಡಿಕೇರಿಯ ಕೋಟೆಯ ಮೇಲೆ ಆಗಲೂ ಬ್ರಿಟಿಷರ ಬಾವುಟವೇ ಇತ್ತು. ಸಾವಿನ ಮನೆಯಾದ್ದರಿಂದ ಆ ವರ್ಷ ಒಕ್ಕದಲ್ಲಿ ಹಬ್ಬ ಮಾಡಲಿಲ್ಲ. ನಾನು ಬೇಲಿಯಿಂದ ಒಂದು ಹೂ ಕಿತ್ತು ಎಲೆಯಲ್ಲಿ ಸುತ್ತಿಕೊಂಡು ವಿರಾಜಪೇಟೆಗೆ ಹೋದೆ. ಅಂಥ ಒಳ್ಳೆಯ ಕೆಲಸದ ದಿನದಲ್ಲೂ ಲೇತು ನಿಂತಿತ್ತು. ಬಾಗಿಲಲ್ಲಿ ಎರಡು ಬಸ್ಸಿನ ಸಾಮಾನು ಕಾಯುತ್ತಿತ್ತು. ಮೇಸ್ತ್ರಿ ಬೆಡ್ಡಿಗೆ ಎಣ್ಣೆ ಹಚ್ಚಿ ಮುಗಿಸಿ ಗೋಡೆಗೊರಗಿ ಕೂತಿದ್ದರು.

ಹೂವನ್ನು ಅವರ ಕೈಗೆ ಕೊಡಲು ಹೋದೆ. ಅವರು ಕೈ ಚಾಚಲಿಲ್ಲ. ಇಡುವುದು ನನ್ನ ಕೆಲಸ ಅಲ್ಲ, ತೆಗೆಯುವುದು ನನ್ನ ಕೆಲಸ ಅಂದರು.

ಹಾಗಾಗಿ ನಾನೇ ಇಟ್ಟೆ. ಇಟ್ಟು, ಅಂಗೈಯಿಂದ ಬೆಡ್ಡನ್ನು ತಟ್ಟಿದೆ. ಹಿಂದಿನಿಂದ ಮೇಸ್ತ್ರಿಯ ಸಿಡುಕಿನ ದನಿ ಕೇಳಿಸಿತು.

"ಎಸಳು ಹೊರಗೆ ಬರ್ಬೇಕು, ಬಿಯ್ಯೆ. ಕೋವಿಗೆ ಇಟ್ಟ ಹಾಗೆ."

ಓದಿದವನೆಂದು ಅವರು ಅಷ್ಟು ವರ್ಷ ನನ್ನನ್ನು ಮಲಯಾಳದಲ್ಲಿ ಮಾಷೆ, ಅಂದರೆ ಮೇಷ್ಟ್ರೇ, ಎಂದೇ ಕರೆಯುತ್ತಿದ್ದವರು; ಬಿಯ್ಯೆ ಅನ್ನುತ್ತಿದ್ದದ್ದು ಅಮ್ಮ ಮಾತ್ರ. ನಾನು ಹೂವನ್ನು ತಿರುಗಿಸಿ ಸರಿಯಾಗಿ ಇಟ್ಟೆ. ಕೈಯ ಎಣ್ಣೆಯನ್ನು ಒರೆಸಿಕೊಳ್ಳದೆ ಬಸ್ಸು ಹತ್ತಿದೆ.